ಬಿಸ್ಕತ್ತಿನ ಡಬ್ಬಿಯ ಮಾತ್ರೆಗಳು

ಮೊದಲೇ ಹೇಳಿಬಿಡುತ್ತೇನೆ, ನಾನು ಕಳ್ಳಿ. ಡೆಟ್ರಾಯಿಟ್ ಸುತ್ತಲಿನ ನೋವೈ, ಕ್ಯಾಂಟನ್, ಫಾರ್ಮಿಂಗ್ಟನ್ ಹಿಲ್ಸ್‌ನ ಕನ್ನಡದವರ ಮನೆಗಳ ಬಾತ್‌ರೂಮುಗಳಿಂದ ಎರಡು ವರ್ಷ ನೋವಿನ ಮಾತ್ರೆ ಕದ್ದಿದ್ದೇನೆ. ಅವೆಲ್ಲ ನನ್ನನ್ನು ಕರೆದು ಊಟ ಹಾಕಿದ ಮನೆಗಳು. ಇದನ್ನು ಓದಿ ಯಾರೂ ‘ಪಾಪ’ ಅನ್ನಬೇಡಿ. ಆ ಎರಡು ವರ್ಷ ಎಲ್ಲರೂ ನನ್ನನ್ನು ಪಾಪ ಅಂದುಕೊಂಡಿದ್ದರಿಂದಲೇ ನಾನು ಸಿಕ್ಕಿಬೀಳಲಿಲ್ಲ.

ತೊಂಬತ್ತರ ದಶಕದ ಕೊನೆಯಲ್ಲಿ ತುಮಕೂರಿನಿಂದ ಬಂದೆ. ಫಿಸಿಯೋಥೆರಪಿ ಓದಿದ್ದೆ. ಮದುವೆಯಾಗಿ ಎರಡೇ ವರ್ಷಕ್ಕೆ ಅದು ಮುರಿದಿತ್ತು. ಮುದುಕರನ್ನೂ ಆಪರೇಷನ್ ಆದವರನ್ನೂ ನೋಡಿಕೊಳ್ಳುವ ಅಮೆರಿಕದ ಹಳ್ಳಿಗಾಡಿನ ನರ್ಸಿಂಗ್ ಹೋಮುಗಳಲ್ಲಿ ಕೆಲಸಕ್ಕೆ ಜನ ಸಿಗುತ್ತಿರಲಿಲ್ಲ, ಏಜೆನ್ಸಿಯವರು ನಮ್ಮಂಥವರನ್ನು ಹುಡುಕಿಕೊಂಡು ಬರುತ್ತಿದ್ದರು. ಮಿಶಿಗನ್ ರಾಜ್ಯದ ನಕ್ಷೆ ಕೈಗವುಸಿನ ಆಕಾರದಲ್ಲಿದೆ. ಅಲ್ಲಿಯ ಜನ ತಮ್ಮ ಊರು ಎಲ್ಲಿದೆ ಎಂದು ತೋರಿಸಲು ಅಂಗೈ ಎತ್ತಿ ಬೆರಳಿಟ್ಟು ತೋರಿಸುತ್ತಾರೆ. ನನ್ನನ್ನು ಹಾಕಿದ್ದು ಹೆಬ್ಬೆರಳಿನ ತುದಿಗೆ. ಡೆಟ್ರಾಯಿಟ್‌ನಿಂದ ನೂರು ಮೈಲಿ. ಸುತ್ತ ಸಕ್ಕರೆ ಬೀಟ್‌ರೂಟಿನ ಹೊಲ, ಒಂದು ಸಿಗ್ನಲ್ ದೀಪ, ನಾಲ್ಕು ಚರ್ಚು. ಅಕ್ಟೋಬರ್‌ನಲ್ಲಿ ಬೀಟ್‌ರೂಟ್ ತುಂಬಿದ ಲಾರಿಗಳು ಓಡಾಡಿ ರಸ್ತೆಯೆಲ್ಲ ಕೆಸರಾಗುತ್ತಿತ್ತು.

ಆ ಊರಿನಲ್ಲಿ ನನ್ನ ಬಣ್ಣದವರು ಇಬ್ಬರು. ನಾನು ಮತ್ತು ಕೌಂಟಿ ಆಸ್ಪತ್ರೆಯ ಒಬ್ಬ ಡಾಕ್ಟರು. ಹಾಗಾಗಿ ಅಂಗಡಿಯವರಿಗೆ, ಅಂಚೆ ಕಚೇರಿಯವರಿಗೆ, ಪೆಟ್ರೋಲ್ ಬಂಕಿನವರಿಗೆ ನಾನು ‘ಡಾಕ್ಟರ ಹೆಂಡತಿ’. ಅಲ್ಲ ಎಂದು ಹೇಳಿದ ಮೇಲೆ ‘ಡಾಕ್ಟರು’ ಆದೆ. ಅದೂ ಅಲ್ಲ ಎಂದು ಹೇಳುವುದನ್ನು ಆರು ತಿಂಗಳಿಗೆ ಬಿಟ್ಟೆ. ಯಾರೂ ಕೆಟ್ಟ ಮಾತಾಡಲಿಲ್ಲ. ಆದರೆ ನಾನು ಒಳಗೆ ಕಾಲಿಟ್ಟರೆ ಹೋಟೆಲಿನಲ್ಲಿ ಮಾತು ನಿಲ್ಲುತ್ತಿತ್ತು, ನಾನು ಕೂತ ಮೇಲೆ ಮೆಲ್ಲಗೆ ಶುರುವಾಗುತ್ತಿತ್ತು. ಮಂಡಿ ಆಪರೇಷನ್ ಆಗಿ ಬಂದಿದ್ದ ಒಬ್ಬ ಬೀಟ್‌ರೂಟ್ ರೈತ ನನ್ನ ಕೈ ನೋಡಿ, ‘ಬೇರೆ ಯಾರಾದರೂ ಇದ್ದಾರಾ?’ ಎಂದು ಕೇಳಿದ್ದ. ಬೇರೆ ಯಾರೂ ಇರಲಿಲ್ಲ. ಅವನ ಮಂಡಿ ಮಡಚುವ ಹಾಗೆ ಮಾಡಿ ಮನೆಗೆ ಕಳಿಸಿದವಳು ನಾನೇ. ಹೋಗುವಾಗ ಥ್ಯಾಂಕ್ಸ್ ಕೂಡ ಹೇಳಲಿಲ್ಲ, ಮುಂಡೇದು.

ಎರಡನೆಯ ಚಳಿಗಾಲದಲ್ಲಿ ಭಾರಿ ಆಳೊಬ್ಬನನ್ನು ಮಂಚದಿಂದ ಗಾಲಿಕುರ್ಚಿಗೆ ಇಳಿಸುವಾಗ ನನ್ನ ಸೊಂಟ ಹಿಡಿದುಕೊಂಡಿತು. ಜೊತೆಗೆ ಇನ್ನೊಬ್ಬರು ಬೇಕು, ಒಂಟಿಯಾಗಿ ಎತ್ತಬಾರದು ಎಂದು ನಾನೇ ಎಲ್ಲರಿಗೂ ಪಾಠ ಹೇಳುತ್ತಿದ್ದೆ. ಆ ದಿನ ಸಹಾಯಕಿ ಬಂದಿರಲಿಲ್ಲ, ನನಗೆ ಕಾಯುವ ತಾಳ್ಮೆ ಇರಲಿಲ್ಲ. ಡಾಕ್ಟರು ನೋವಿನ ಮಾತ್ರೆ ಬರೆದುಕೊಟ್ಟರು, ಅಫೀಮಿನ ಜಾತಿಯದು. ಒಂದು ತಿಂಗಳಾದ ಮೇಲೆ ನಿಲ್ಲಿಸಿದರು. ಅಲ್ಲಿಗೆ ಮುಗಿಯಬೇಕಿತ್ತು.

ಮುಗಿಯಲಿಲ್ಲ, ಯಾಕೆಂದರೆ ನೋವೈನಲ್ಲಿ ನನಗೊಬ್ಬ ಅಕ್ಕ ಇದ್ದರು. ಒಡಹುಟ್ಟಿದವರಲ್ಲ. ಮೈಸೂರಿನವರು, ಅವರ ಯಜಮಾನರು ಕಾರ್ ಕಂಪನಿಯೊಂದರಲ್ಲಿ ಎಂಜಿನಿಯರು. ದೇವಸ್ಥಾನದಲ್ಲಿ ಪರಿಚಯವಾಗಿ, ನಾನು ಒಂಟಿ ಎಂದು ತಿಳಿದ ದಿನವೇ ಮನೆಗೆ ಎಳೆದುಕೊಂಡು ಹೋಗಿ ಬಿಸಿಬೇಳೆಬಾತ್ ಬಡಿಸಿದವರು. ಎರಡು ವಾರಕ್ಕೊಮ್ಮೆ ಶನಿವಾರ ನೂರು ಮೈಲಿ ಡ್ರೈವ್ ಮಾಡಿಕೊಂಡು ಅವರಲ್ಲಿಗೆ ಹೋಗಿ ಸಾಮಾನು ತೆಗೆದುಕೊಂಡು, ಉಳಿದು, ಭಾನುವಾರ ವಾಪಸು ಬರುತ್ತಿದ್ದೆ. ಅರಿಶಿನ ಕುಂಕುಮಕ್ಕೆ ಕರೆದಲ್ಲಿ ಬೇರೆ ಹೆಂಗಸರು ನನ್ನ ಮುಂದೆ ಬಂದಾಗ ಒಂದು ಗಳಿಗೆ ಕೈ ತಡೆಯುತ್ತಿದ್ದರು. ಗಂಡ ಬಿಟ್ಟವಳಿಗೆ ಕೊಡಬಹುದೋ ಬಾರದೋ ಎಂಬ ಲೆಕ್ಕಾಚಾರ. ಅಕ್ಕ ಮಾತ್ರ ತಟ್ಟೆ ಹಿಡಿದು ಮೊದಲು ನನ್ನ ಹತ್ತಿರವೇ ಬರುತ್ತಿದ್ದರು. ಈ ಋಣ ನಾನು ಮರೆತಿಲ್ಲ.

ಸೊಂಟ ಹಿಡಿದುಕೊಂಡು ಕೂತಿದ್ದ ನನ್ನನ್ನು ನೋಡಿ ಅಕ್ಕ ಮಹಡಿಯ ಬಾತ್‌ರೂಮಿನಿಂದ ನೀಲಿ ಬಣ್ಣದ ದುಂಡು ಡಬ್ಬಿ ತಂದರು. ಬೆಣ್ಣೆ ಬಿಸ್ಕತ್ತು ಬರುತ್ತದಲ್ಲ, ಆ ಡಬ್ಬಿ. ಬಿಸ್ಕತ್ತು ಖಾಲಿಯಾದ ಮೇಲೆ ಅದರೊಳಗೆ ಮನೆಯ ಉಳಿದ ಮಾತ್ರೆಗಳೆಲ್ಲ ಸೇರಿದ್ದವು. ಊರಿನಿಂದ ತಂದ ನೆಗಡಿಯ ಮಾತ್ರೆ, ಗ್ಯಾಸಿನದು, ಹಲ್ಲು ಕಿತ್ತಾಗ ಕೊಟ್ಟಿದ್ದು, ಮಂಡಿ ಆಪರೇಷನ್ನಿನದು, ಇಲ್ಲಿಗೆ ಬಂದಿದ್ದಾಗ ಕ್ಯಾನ್ಸರ್‌ನಿಂದ ತೀರಿಕೊಂಡ ಅತ್ತೆಯದು.

“ತಗೊಳ್ಳೇ, ಇದೊಂದು ನುಂಗು. ನಮ್ಮೆಜಮಾನ್ರ ಮಂಡಿ ಆಪರೇಷನ್‌ಗೆ ಕೊಟ್ಟಿದ್ದು. ಒಂದ್ ಗಂಟೇಲಿ ನೋವು ಎಲ್ಲಿತ್ತು ಅಂತಾನೇ ಗೊತ್ತಾಗಲ್ಲ.”

“ಇಷ್ಟೊಂದು ಯಾಕಕ್ಕ ಇಟ್ಕೊಂಡಿದೀರಾ?”

“ಬಿಸಾಕಕ್ಕೆ ಮನಸ್ಸು ಬರಲ್ಲ ಕಣೆ. ಯಾರಿಗಾದ್ರೂ ಬೇಕಾಗತ್ತೆ.”

ನನಗೆ ಬೇಕಾಯಿತು. ನಮ್ಮವರ ಮನೆಗಳಲ್ಲಿ ಔಷಧಿ ಎಸೆಯುವ ಪದ್ಧತಿಯೇ ಇಲ್ಲ. ಅನ್ನ ಚೆಲ್ಲಿದಷ್ಟೇ ಪಾಪ ಅದು. ಎಲ್ಲರ ಮನೆಯಲ್ಲೂ ಒಂದು ಡಬ್ಬಿ, ಯಾರಿಗೆ ಎಲ್ಲಿ ನೋವಾದರೂ ಆ ಡಬ್ಬಿಯ ಮುಚ್ಚಳ ತೆರೆಯುತ್ತದೆ. ಒಬ್ಬರಿಗೆ ಬರೆದುಕೊಟ್ಟಿದ್ದು ಇನ್ನೊಬ್ಬರ ಹೊಟ್ಟೆಗೆ, ಅದೂ ಪ್ರೀತಿಯಿಂದ. ನಾನು ಫಿಸಿಯೋಥೆರಪಿ ಓದಿದವಳು, ನನಗೆ ಗೊತ್ತಿರಲಿಲ್ಲ ಎಂದು ಹೇಳಿದರೆ ನಾಲಿಗೆ ಸೀಳಿಹೋಗಲಿ. ಗೊತ್ತಿತ್ತು. ಬಾಯಿಬಿಟ್ಟು ನುಂಗಿದೆ.

ಸೊಂಟದ ನೋವು ಇನ್ನೊಂದು ತಿಂಗಳಿಗೆ ಹೋಯಿತು. ಮಾತ್ರೆ ಬಿಡಲಿಲ್ಲ. ಅದು ಏನು ಕೊಡುತ್ತಿತ್ತು ಎಂದು ಜನ ಕೇಳುತ್ತಾರೆ. ಹೇಳುತ್ತೇನೆ, ನಾಚಿಕೆ ಏನಿದೆ. ನುಂಗಿ ಅರ್ಧ ಗಂಟೆಗೆ ಎದೆಯೊಳಗೆ ಬೆಚ್ಚಗಾಗುತ್ತಿತ್ತು, ನಮ್ಮಮ್ಮ ಎಣ್ಣೆ ಹಚ್ಚಿ ಬಿಸಿನೀರು ಹುಯ್ದು ಮಲಗಿಸಿದ ಹಾಗೆ. ಹೋಟೆಲಿನವರು ಮಾತು ನಿಲ್ಲಿಸಿದರೆ ನಿಲ್ಲಿಸಲಿ ಅನ್ನಿಸುತ್ತಿತ್ತು. ಕುಂಕುಮದ ಕೈ ತಡೆದರೆ ತಡೆಯಲಿ ಅನ್ನಿಸುತ್ತಿತ್ತು. ಆಮೇಲೆ ಅದಿಲ್ಲದ ದಿನ ಮೂಗು ಸುರಿದು, ಕಾಲು ಸೆಳೆದು, ಮೈಯೆಲ್ಲ ಬೆವರುವುದು ಶುರುವಾಯಿತು. ಅಷ್ಟು ಹೊತ್ತಿಗೆ ಕೇಳಿ ತೆಗೆದುಕೊಳ್ಳುವುದು ಹೋಗಿ ಕೇಳದೆ ತೆಗೆದುಕೊಳ್ಳುವುದಾಗಿತ್ತು. ಯಾರ ಮನೆಗೆ ಊಟಕ್ಕೆ ಹೋದರೂ ಕೆಳಗಿನ ಬಾತ್‌ರೂಮು ಬಿಟ್ಟು ಮಹಡಿಯದಕ್ಕೆ ಹೋಗುತ್ತಿದ್ದೆ. ಡಬ್ಬಿಗಳು ಅಲ್ಲೇ ಇರುತ್ತಿದ್ದವು, ಟವೆಲ್ಲುಗಳ ಹಿಂದೆ.

ನನ್ನನ್ನು ಕಾಪಾಡಿದ್ದು ಎರಡೂ ಕಡೆಯವರ ಪೆದ್ದುತನ. ಹೆಬ್ಬೆರಳಿನ ಊರಿನಲ್ಲಿ ಹಿಂದೂಸ್ತಾನದ ಹೆಂಗಸು ಅಂದರೆ ಡಾಕ್ಟರು, ಅವಳು ಮಾತ್ರೆ ತಿಂದು ತೂಗಾಡುತ್ತಾಳೆ ಎಂದು ಯಾರ ತಲೆಗೂ ಬರುತ್ತಿರಲಿಲ್ಲ. ಅದೇ ಊರಿನಲ್ಲಿ ಅದೇ ಮಾತ್ರೆಗೆ ಬಿದ್ದ ಬಡ ಬಿಳಿಯರನ್ನು ಔಷಧಿ ಅಂಗಡಿಯವನು ಕಳ್ಳರ ಹಾಗೆ ನೋಡುತ್ತಿದ್ದ, ನನಗೆ ಮಾತ್ರ ನಗುನಗುತ್ತಾ ಗುಡ್ ಮಾರ್ನಿಂಗ್ ಹೇಳುತ್ತಿದ್ದ. ನೋವೈನಲ್ಲಿ ಚಟ ಅಂದರೆ ಅಮೆರಿಕನ್ನರಿಗೆ ಬರುವ ರೋಗ. ನಮ್ಮವರಿಗೆ ಶುಗರ್ ಬರುತ್ತದೆ, ಬಿಪಿ ಬರುತ್ತದೆ, ಇದು ಬರುವುದಿಲ್ಲ.

ಆ ನಂಬಿಕೆಗೆ ಬೆಲೆ ತೆತ್ತಿದ್ದು ಅಕ್ಕನ ಮಗಳು. ಹದಿನೇಳು ವರ್ಷ, ಹೈಸ್ಕೂಲಿನ ಕೊನೆಯ ವರ್ಷಕ್ಕೆ ಕಾಲಿಡುತ್ತಿದ್ದಳು. ಕನ್ನಡ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಒಂದು ಬೇಸಿಗೆ ಅಕ್ಕನಿಗೆ ಹಲ್ಲುನೋವು ಬಂದು ಡಬ್ಬಿ ತೆರೆದರೆ ಅತ್ತೆಯ ಮಾತ್ರೆಯ ಶೀಸೆಯೇ ಇಲ್ಲ. ಯಜಮಾನರದ್ದೂ ಇಲ್ಲ. ಮಕ್ಕಳು ಮನೆಯ ಔಷಧಿ ಕದ್ದು ತಿನ್ನುತ್ತಾರೆ, ಎಚ್ಚರದಿಂದಿರಿ ಎಂದು ಸ್ಕೂಲಿನಿಂದ ಆಗಷ್ಟೇ ಕಾಗದ ಬಂದಿತ್ತು. ಅಕ್ಕ ಎರಡನ್ನೂ ಕೂಡಿಸಿದರು. ಮಗಳ ಕಾರಿನ ಕೀ ಕಿತ್ತುಕೊಂಡರು, ಫೋನ್ ತೆಗೆದಿಟ್ಟರು, ಮೈಸೂರಿಗೆ ತಮ್ಮ ತಾಯಿಯ ಹತ್ತಿರ ಕಳಿಸಿ ಅಲ್ಲೇ ಕಾಲೇಜಿಗೆ ಸೇರಿಸುವುದೆಂದು ಟಿಕೆಟ್ಟೂ ತೆಗೆಸಿದರು. ವರಮಹಾಲಕ್ಷ್ಮಿ ಹಬ್ಬ ಕಳೆದ ಭಾನುವಾರಕ್ಕೆ.

ಆಮೇಲೆ ನನಗೆ ಫೋನ್ ಮಾಡಿದರು. “ನೀನ್ ಮೆಡಿಕಲ್ ಲೈನಲ್ಲಿದೀಯ. ನೀನೇ ಬಂದು ಅವಳ ಹತ್ರ ಮಾತಾಡೇ. ನಿನ್ನ ಮಾತು ಕೇಳ್ತಾಳೆ.”

ಹೋದೆ. ಇಲ್ಲ ಅನ್ನಲು ಯಾವ ಕಾರಣ ಕೊಡಲಿ? ಅಕ್ಕ ಕೆಳಗೆ ಕೂತು ಕಣ್ಣೊರೆಸಿಕೊಳ್ಳುತ್ತಿದ್ದರು. ನಾನು ಮೇಲೆ ಹೋಗಿ ಹುಡುಗಿಯ ಮಂಚದ ತುದಿಯಲ್ಲಿ ಕೂತೆ. ನನ್ನ ಕೈಚೀಲದಲ್ಲಿ ಅವಳ ಸತ್ತ ಅಜ್ಜಿಯ ಹೆಸರಿನ ಶೀಸೆ ಇತ್ತು. ಅವಳು ಬಾಗಿಲು ಹಾಕಿ ಬಂದು ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದಳು.

“ನೀವೇ ಅಂತ ನನಗೆ ಗೊತ್ತು ಆಂಟಿ. ಈ ಗೋಡೆ ಆಚೆಗೆ ಬಾತ್‌ರೂಮು. ಡಬ್ಬಿ ಮುಚ್ಚಳ ತೆಗೆದರೆ ನನಗೆ ಕೇಳಿಸುತ್ತೆ. ನೀವು ಬಂದ ದಿನ ಮಾತ್ರ ಕೇಳಿಸುತ್ತೆ.”

“ಅಮ್ಮನಿಗೆ ಯಾಕೆ ಹೇಳಲಿಲ್ಲ?” ಎಂದು ಕೇಳಿದೆ.

“ಹೇಳಿದೆ. ದೊಡ್ಡವರ ಮೇಲೆ ಸುಳ್ಳು ಹೇಳ್ತೀಯಾ ಅಂತ ಕಪಾಳಕ್ಕೆ ಹೊಡೆದರು.”

ಆಗ ನಾನು ಏನು ಮಾಡಬೇಕಿತ್ತು ಎಂದು ಯಾರೂ ನನಗೆ ಹೇಳಿಕೊಡಬೇಕಾಗಿಲ್ಲ. ನಾನು ಮಾಡಿದ್ದು ಬೇರೆ. ಕೆಳಗಿಳಿದು ಬಂದೆ. ಅಕ್ಕ “ಏನಂದ್ಲು?” ಎಂದು ಕೇಳಿದರು. “ಸ್ವಲ್ಪ ಟೈಮ್ ಕೊಡಿ ಅಕ್ಕ” ಎಂದೆ. ಅವರು ಕೊಟ್ಟ ಕಾಫಿ ಕುಡಿದೆ. ಕಾರು ಹತ್ತಿ ಅವರ ಬಡಾವಣೆಯ ಮೂಲೆ ತಿರುಗಿದ ಕೂಡಲೇ ನಿಲ್ಲಿಸಿ ಅಜ್ಜಿಯ ಶೀಸೆಯಿಂದ ಎರಡು ನುಂಗಿದೆ. ನನ್ನ ಬದುಕಿನಲ್ಲಿ ನಾನು ಮಾಡಿದ ಅತ್ಯಂತ ಹೊಲಸು ಕೆಲಸ ಕಳ್ಳತನವಲ್ಲ, ಆ ಕಾಫಿ ಕುಡಿದದ್ದು.

ಹಬ್ಬಕ್ಕೆ ಎರಡು ವಾರ ಇತ್ತು. ಹೊಲಗಳ ನಡುವೆ ಕೆಲಸಕ್ಕೆ ಹೋಗುತ್ತ ಬರುತ್ತ ಒಂದೇ ಯೋಚನೆ. ಹೇಳಿದರೆ ಅಕ್ಕ ಹೋಗುತ್ತಾರೆ, ಕೆಲಸದ ಲೈಸೆನ್ಸ್ ಹೋಗಬಹುದು, ತುಮಕೂರಿಗೆ ಸುದ್ದಿ ಮುಟ್ಟುತ್ತದೆ. ಹೇಳದಿದ್ದರೆ ಆ ಹುಡುಗಿ ಮಾಡದ ತಪ್ಪಿಗೆ ಗೊತ್ತಿಲ್ಲದ ದೇಶಕ್ಕೆ ಹೋಗುತ್ತಾಳೆ, ಅಲ್ಲಿ ಪ್ರತಿ ಮನೆಯಲ್ಲೂ ‘ಅಮೆರಿಕದಲ್ಲಿ ಕೆಟ್ಟುಹೋದವಳು’ ಅನ್ನಿಸಿಕೊಳ್ಳುತ್ತಾಳೆ. ಎಲ್ಲಿಗೂ ಸೇರದವಳಾಗಿ ಬದುಕುವುದು ಹೇಗಿರುತ್ತದೆ ಎಂದು ನನಗೆ ಗೊತ್ತಿತ್ತಲ್ಲ. ಅದನ್ನು ನಾನು ಇನ್ನೊಬ್ಬಳಿಗೆ ಹಂಚುತ್ತಿದ್ದೆ.

ಹಬ್ಬ ಶುಕ್ರವಾರವಾದರೂ ರಜೆ ಇಲ್ಲದ ಕಾರಣ ಎಲ್ಲರನ್ನೂ ಕರೆಯುವುದು ಶನಿವಾರ. ಅಕ್ಕನ ಮನೆಯ ಹಾಲಿನಲ್ಲಿ ಇಪ್ಪತ್ತೈದು ಹೆಂಗಸರು ರೇಷ್ಮೆ ಸೀರೆ ಉಟ್ಟು ಕಾರ್ಪೆಟ್ಟಿನ ಮೇಲೆ ಕೂತಿದ್ದರು. ಕಲಶಕ್ಕೆ ಸೀರೆ ಉಡಿಸಿ ಅಲಂಕಾರ ಮಾಡಿದ್ದರು. ಹುಡುಗಿ ಮೆಟ್ಟಿಲ ಮೇಲೆ ಲಂಗ ದಾವಣಿ ಹಾಕಿಕೊಂಡು ಕೂತಿದ್ದಳು, ಅವಳ ಸೂಟ್‌ಕೇಸು ಬಾಗಿಲ ಹತ್ತಿರ ನಿಂತಿತ್ತು. ಆರತಿ ಮುಗಿಯಿತು. ಅಕ್ಕ ಕುಂಕುಮದ ತಟ್ಟೆ ಹಿಡಿದು ಎಂದಿನ ಹಾಗೆ ಮೊದಲು ನನ್ನ ಕಡೆಗೇ ಬಂದರು.

ನಾನು ಎದ್ದು ನಿಂತೆ. “ಅಕ್ಕ, ಆ ಮಾತ್ರೆ ಅವಳು ತಗೊಂಡಿಲ್ಲ. ನಾನು ಕದ್ದಿದ್ದು. ಎರಡು ವರ್ಷದಿಂದ ತಿಂತಾ ಇದೀನಿ. ನನಗೆ ಚಟ ಹತ್ತಿದೆ.”

ಅಕ್ಕ ತಟ್ಟೆ ಕೆಳಗಿಟ್ಟು ನನ್ನನ್ನು ತಬ್ಬಿಕೊಂಡು ಗಳಗಳ ಅತ್ತುಬಿಟ್ಟರು.

“ನೋಡಿ, ನೋಡಿ ಇವಳನ್ನ! ನನ್ನ ಮಗಳ ಮಾನ ಉಳಿಸಕ್ಕೆ ತನ್ನ ಮೇಲೆ ಹಾಕ್ಕೋತಿದಾಳೆ!”

ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಕ್ಯಾಂಟನ್ನಿನವರೊಬ್ಬರು, “ಎಂಥ ದೊಡ್ಡ ಮನಸ್ಸಮ್ಮ ನಿಂದು” ಎಂದರು. ಇನ್ನೊಬ್ಬರು ಹುಡುಗಿಯ ಕಡೆ ತಿರುಗಿ, “ನೋಡು, ಆಂಟೀನ ನೋಡಿ ಕಲಿ” ಎಂದರು.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಎರಡು ವಾರ ನಿದ್ದೆಗೆಟ್ಟು ಸತ್ಯ ಹೇಳಿದರೆ ನನ್ನನ್ನು ದೇವತೆ ಮಾಡಿ ಕಲಶದ ಪಕ್ಕ ಕೂರಿಸಲು ಹೊರಟಿದ್ದರು! ಅಕ್ಕನ ಕೈ ಬಿಡಿಸಿಕೊಂಡು ಹೊರಗೆ ಕಾರಿನ ಹತ್ತಿರ ಹೋದೆ. ಡಿಕ್ಕಿಯಲ್ಲಿ ಒಂದು ದಿನಸಿ ಚೀಲ ಇತ್ತು. ಖಾಲಿ ಶೀಸೆಗಳೆಲ್ಲ ಅದರಲ್ಲಿದ್ದವು. ನನ್ನ ಪುಟ್ಟ ಊರಿನಲ್ಲಿ ಕಸದ ಗಾಡಿಯವನಿಗೂ ನನ್ನ ಗುರುತು, ಅಲ್ಲಿ ಎಸೆಯಲು ಭಯ. ಭಯವೊಂದೇ ಅಲ್ಲ, ಎಸೆಯಲು ಮನಸ್ಸೂ ಬಂದಿರಲಿಲ್ಲ. ನಾನೂ ಅವರ ಜಾತಿಯವಳೇ ಅಲ್ಲವೇ. ಚೀಲ ತಂದು ಹಾಲಿನ ನಡುವೆ ಕಾರ್ಪೆಟ್ಟಿನ ಮೇಲೆ ಸುರಿದೆ.

ಅಮೆರಿಕದ ಔಷಧಿ ಶೀಸೆಗಳ ಮೇಲೆ ಅದು ಯಾರಿಗಾಗಿ ಕೊಟ್ಟಿದ್ದು ಎಂದು ಹೆಸರು ಅಚ್ಚಾಗಿರುತ್ತದೆ. ಕಿತ್ತಳೆ ಬಣ್ಣದ ಶೀಸೆಗಳು ಅವರ ಸೀರೆಗಳ ಅಂಚಿನವರೆಗೆ ಉರುಳಿಕೊಂಡು ಹೋದವು. ಒಬ್ಬೊಬ್ಬರೇ ಬಗ್ಗಿ ಎತ್ತಿ ಓದಿಕೊಂಡರು. ಒಬ್ಬರ ಗಂಡನ ಹೆಸರು, ಒಬ್ಬರ ಮಾವನದ್ದು, ಫಾರ್ಮಿಂಗ್ಟನ್ ಹಿಲ್ಸ್‌ನ ಡಾಕ್ಟರಮ್ಮನ ಸ್ವಂತದ್ದು. ದೊಡ್ಡ ಮನಸ್ಸು ಎಂದಿದ್ದವರು ತಮ್ಮ ಮನೆಯ ಶೀಸೆ ಹಿಡಿದುಕೊಂಡು ನನ್ನಿಂದ ಹಿಂದಕ್ಕೆ ಸರಿದು ಕೂತರು. ಅಕ್ಕನ ಕೈಗೆ ಸಿಕ್ಕಿದ್ದು ಅತ್ತೆಯ ಹೆಸರಿನದು.

ಅವರು ಹೆಸರು ಓದಿದರು. ಆಮೇಲೆ, “ಹೋಗು ಇಲ್ಲಿಂದ” ಎಂದರು. ಕೂಗಲಿಲ್ಲ. ನಾನು ಹೋಗುವಾಗ ಮೆಟ್ಟಿಲ ಕಡೆ ನೋಡಿದೆ. ಹುಡುಗಿ ಅಳುತ್ತಿರಲಿಲ್ಲ, ನಗುತ್ತಲೂ ಇರಲಿಲ್ಲ. ತನ್ನ ಅಮ್ಮನನ್ನೇ ನೋಡುತ್ತಿದ್ದಳು. ಮಾರನೆಯ ದಿನ ಅವಳು ವಿಮಾನ ಹತ್ತಲಿಲ್ಲ ಎಂದು ಯಾರಿಂದಲೋ ತಿಳಿಯಿತು.

ಸೋಮವಾರ ಕೆಲಸದ ಕಡೆ ನಾನೇ ಹೇಳಿದೆ. ಆಸ್ಪತ್ರೆಯಲ್ಲಿ ಹತ್ತು ದಿನ, ಆಮೇಲೆ ಲೈಸೆನ್ಸ್ ಮೇಲೆ ಕಣ್ಗಾವಲು, ಪ್ರತಿ ವಾರ ಮೂತ್ರ ಪರೀಕ್ಷೆ, ಚಟ ಬಿಡಲು ಹೆಣಗುವವರ ಸಭೆಗೆ ಹಾಜರಾತಿ. ಸಭೆ ಚರ್ಚೊಂದರ ನೆಲಮಾಳಿಗೆಯಲ್ಲಿ. ಮೊದಲ ದಿನ ನಾನು ಒಳಗೆ ಹೋದ ಕೂಡಲೇ ಹೋಟೆಲಿನಲ್ಲಿ ಆದ ಹಾಗೆ ಮಾತು ನಿಂತಿತು. ನಡೆಸುವ ಹೆಂಗಸು ಎದ್ದು ಬಂದು, ‘ಬನ್ನಿ ಡಾಕ್ಟರ್’ ಎಂದು ಮುಂದಿನ ಕುರ್ಚಿ ತೋರಿಸಿದಳು. ಭಾಷಣ ಮಾಡಲು ಬಂದವಳೆಂದು ತಿಳಿದಿದ್ದಳು.

“ನಾನು ಡಾಕ್ಟರಲ್ಲ. ನೀವೆಲ್ಲ ಯಾಕೆ ಬಂದಿದ್ದೀರೋ ಅದಕ್ಕೇ ನಾನೂ ಬಂದಿದ್ದೇನೆ” ಎಂದೆ. ಸ್ವಲ್ಪ ಜೋರಾಗಿಯೇ ಹೇಳಿದೆ ಅನ್ನಿಸುತ್ತದೆ. ಹಿಂದಿನ ಸಾಲಿನಲ್ಲಿ ಒಬ್ಬ ಮುದುಕ ಪಕ್ಕದ ಕುರ್ಚಿಯ ಮೇಲಿದ್ದ ತನ್ನ ಕೋಟು ತೆಗೆದು ತೊಡೆಯ ಮೇಲಿಟ್ಟುಕೊಂಡ. ಮಂಡಿಯ ರೈತ. ಅವನೂ ಅದೇ ಮಾತ್ರೆಗೆ ಬಿದ್ದಿದ್ದ, ನಾನು ಅವನ ಮಂಡಿ ಮಡಚುತ್ತಿದ್ದ ಕಾಲದಿಂದಲೇ. ಆ ದಿನದಿಂದ ಅವರೆಲ್ಲ ನನ್ನವರಾದರು ಎಂದು ಬರೆದರೆ ಚೆನ್ನಾಗಿರುತ್ತದೆ, ಆದರೆ ಹಾಗೇನೂ ಆಗಲಿಲ್ಲ. ಅವನು ಕೊನೆಯವರೆಗೂ ನನ್ನ ಹೆಸರು ಸರಿಯಾಗಿ ಹೇಳಲಿಲ್ಲ. ಕುರ್ಚಿ ಮಾತ್ರ ಪ್ರತಿ ವಾರ ಖಾಲಿ ಇಟ್ಟಿರುತ್ತಿದ್ದ.

ನೋವೈನ ದೇವಸ್ಥಾನಕ್ಕೆ ಹೋಗುವುದನ್ನೂ ನಾನು ಬಿಡಲಿಲ್ಲ. ಬಿಡುತ್ತಾಳೆ ಎಂದು ಎಲ್ಲರೂ ಅಂದುಕೊಂಡಿದ್ದರು, ಅದಕ್ಕೇ ಬಿಡಲಿಲ್ಲ. ನಾನು ಕೂತರೆ ಅಕ್ಕಪಕ್ಕದವರು ಸರಿಯುತ್ತಿದ್ದರು, ನಾನು ಕಾಲು ಚಾಚಿ ಕೂರುತ್ತಿದ್ದೆ. ಅಪರೂಪಕ್ಕೆ ಯಾರಾದರೂ ಮನೆಗೆ ಕರೆದರೆ ಬಾಗಿಲಲ್ಲೇ ಕೇಳುತ್ತಿದ್ದೆ, “ಡಬ್ಬಿ ಎತ್ತಿಟ್ಟಿದೀರಾ? ನಾನು ಬಾತ್‌ರೂಮಿಗೆ ಹೋಗ್ಬೇಕು.” ಮುಖ ಕಪ್ಪಿಟ್ಟವರೂ ಇದ್ದರು, ನಕ್ಕವರೂ ಇದ್ದರು. ಅಕ್ಕ ಮಾತ್ರ ಮತ್ತೆ ಕರೆಯಲಿಲ್ಲ. ದೇವಸ್ಥಾನದಲ್ಲಿ ಎದುರಾದರೆ ಈಗಲೂ ಪ್ರದಕ್ಷಿಣೆ ನಿಲ್ಲಿಸಿ ಕಂಬದ ಕಡೆ ತಿರುಗುತ್ತಾರೆ. ಅದು ನನಗೆ ನೋವು ಕೊಡುತ್ತದೆ. ಆ ನೋವಿಗೆ ನಾನು ಯಾವ ಮಾತ್ರೆಯನ್ನೂ ನುಂಗಿಲ್ಲ.

ಆರು ವರ್ಷದ ಮೇಲೆ ಒಂದು ಏಪ್ರಿಲ್‌ನಲ್ಲಿ ಶಿಕಾಗೋದಿಂದ ಫೋನ್ ಬಂತು. ಅಕ್ಕನ ಮಗಳು. ಅಲ್ಲೇ ಓದಿ, ಅಲ್ಲೇ ಕೆಲಸಕ್ಕೆ ಸೇರಿದ್ದಳು. ಬಿದ್ದು ಮಂಡಿಯ ಆಪರೇಷನ್ ಆಗಿತ್ತು. ಎಂದಿನ ಹಾಗೆ ಇಂಗ್ಲಿಷಿನಲ್ಲೇ ಮಾತಾಡಿದಳು.

“ಮೂವತ್ತು ಮಾತ್ರೆ ಕೊಟ್ಟಿದ್ದಾರೆ ಆಂಟಿ. ಎರಡು ತಗೊಂಡೆ. ಉಳಿದದ್ದು ಮನೆಯಲ್ಲಿ ಇಟ್ಟುಕೊಳ್ಳಲು ಇಷ್ಟ ಇಲ್ಲ. ಅಮ್ಮನ ಕೇಳಿದರೆ ಡಬ್ಬಿಗೆ ಹಾಕಿಡು ಅಂತಾರೆ. ಏನು ಮಾಡಬೇಕು ಅಂತ ನಿಮಗೆ ಗೊತ್ತಿರುತ್ತೆ.”

ಫೋನಿನಲ್ಲೇ ಹೇಳಬಹುದಿತ್ತು. ಆರೂವರೆ ಗಂಟೆ ಡ್ರೈವ್ ಮಾಡಿಕೊಂಡು ಹೋದೆ. ಅವಳು ಊರುಗೋಲು ಹಿಡಿದು ಬಾಗಿಲು ತೆಗೆದಳು. ಕೂರಿಸಿ, ಮೊದಲ ಮಾತೇ, “ನಾನು ನಿಮ್ಮನ್ನು ಕ್ಷಮಿಸಿಲ್ಲ” ಎಂದಳು. “ಕ್ಷಮಿಸು ಅಂತ ಕೇಳಕ್ಕೆ ಬಂದಿಲ್ಲ” ಎಂದೆ. ಇಬ್ಬರಿಗೂ ಸಮಾಧಾನವಾಯಿತು.

ಕಾಫಿಯ ಗಸಟಿನ ಜೊತೆ ಕಲಸಿ, ಯಾರೂ ಎತ್ತಿ ತಿನ್ನದ ಹಾಗೆ ಮಾಡಿ ಕಸಕ್ಕೆ ಹಾಕಬೇಕು ಎಂದು ಹೇಳಿದೆ. ಅವಳ ಅಡುಗೆಮನೆಯಲ್ಲಿ ಮೈಸೂರಿನ ಹಿತ್ತಾಳೆ ಫಿಲ್ಟರ್ ಇತ್ತು. ಬೆಳಗಿನ ಗಸಟು ಅದರಲ್ಲೇ ಇತ್ತು. ಒಂದು ಪ್ಲಾಸ್ಟಿಕ್ ಚೀಲಕ್ಕೆ ಅದನ್ನು ತಟ್ಟಿ ಹಾಕಿದೆ. ಅಷ್ಟರಲ್ಲಿ ಅವಳ ಫೋನ್ ಹೊಡೆದುಕೊಂಡಿತು. “ಅಮ್ಮ” ಎಂದಳು. ಶೀಸೆಯನ್ನು ನನ್ನ ಮುಂದೆ ಇಟ್ಟು, ಊರುಗೋಲು ಊರಿಕೊಂಡು ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು.

ಅವಳು ನನ್ನನ್ನು ಪರೀಕ್ಷಿಸುತ್ತಿದ್ದಳೋ, ಬರೀ ಅಮ್ಮನ ಜೊತೆ ಮಾತಾಡಲು ಹೋದಳೋ, ನಾನು ಇಂದಿಗೂ ಕೇಳಿಲ್ಲ. ಶೀಸೆ ಎತ್ತಿದರೆ ಒಳಗೆ ಗಲಗಲ ಅಂತು. ಎಷ್ಟೇ ವರ್ಷವಾಗಲಿ, ಆ ಸದ್ದಿಗೆ ನನ್ನ ಬಾಯಲ್ಲಿ ನೀರೂರುತ್ತದೆ. ಸುಳ್ಳು ಹೇಳುವುದಿಲ್ಲ. ಒಂದೊಂದೇ ಮಾತ್ರೆಯನ್ನು ಚೀಲಕ್ಕೆ ಹಾಕಿದೆ, ನೀರು ಹುಯ್ದೆ, ಹಿಟ್ಟು ನಾದಿದ ಹಾಗೆ ಹಿಸುಕಿದೆ. ಉಗುರಿನ ಸಂದಿಗೆಲ್ಲ ಕಪ್ಪು ಮೆತ್ತಿತು.

ಅವಳು ಬಂದಳು. ಚೀಲದೊಳಕ್ಕೆ ಬಗ್ಗಿ ನೋಡಲಿಲ್ಲ. ಬಾಯಿ ಗಂಟು ಹಾಕಿ ಕಸದ ಬುಟ್ಟಿಗೆ ಹಾಕಿದಳು. ಆಮೇಲೆ, ಪರಿಚಯವಾದಾಗಿನಿಂದ ನನ್ನ ಜೊತೆ ಕನ್ನಡದಲ್ಲಿ ಮಾತಾಡದ ಆ ಹುಡುಗಿ, “ಕೈ ತೊಳ್ಕೊಳಿ ಆಂಟಿ, ಕಾಫಿ ಮಾಡ್ತೀನಿ” ಎಂದಳು.

ಅವಳು ಎಣಿಸಲಿಲ್ಲ. ನಾನು ಎಣಿಸಿದ್ದೆ. ಇಪ್ಪತ್ತೆಂಟೂ ಚೀಲದಲ್ಲಿದ್ದವು.